ಅಕ್ಕನಿಗಿಂತ ಮೊದಲು ತಾಳಿ ಕಟ್ಟಿಸಿಕೊಂಡ ಎಕ್ಕೆ

ಕಾದ ಹೆಂಚಿನ ಮೇಲೆ ಎಕ್ಕೆಯ ಎಲೆ ಬಾಡುವಾಗ ಏಳುವ ಕಹಿ ವಾಸನೆ ನಿಮ್ಮಲ್ಲಿ ಹಲವರಿಗೆ ಅಜ್ಜಿಯರ ನೆನಪು ತರಬಹುದು. ನನಗೆ ಮೈ ಉರಿಯುತ್ತದೆ. ಮೊನ್ನೆ ನನ್ನ ಮೊಣಕಾಲು ನೋವಿಗೆಂದು ಅಕ್ಕನ ಮಗಳು ನೀಲವ್ವ ಎಲೆಗೆ ಔಡಲೆಣ್ಣೆ ಸವರಿ ಕಾಯಿಸುತ್ತಿದ್ದಳು. ಆ ವಾಸನೆಗೆ, ಈಗ ಗೋಡೆಯೂ ಉಳಿಯದ ತಾವರಗೇರಾ ಕಡೆಯ ನಮ್ಮ ಮಣ್ಣಿನ ಮನೆ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತ ಅವ್ವ, ಅವಳ ಬೆನ್ನಿಗೊರಗಿ ನಗುತ್ತಿದ್ದ ಗೌರಕ್ಕ, ಎಲ್ಲ ಎದ್ದು ಬಂದವು.

ಎಕ್ಕೆಯ ಹಾಲು ಸಿಡಿದರೆ ಕಣ್ಣು ಹೋಗುತ್ತದೆಂದು ಅವ್ವ ನಮ್ಮನ್ನು ಆ ಗಿಡದ ಹತ್ತಿರ ಬಿಡುತ್ತಿರಲಿಲ್ಲ. ಶನಿವಾರ ಅದರದೇ ಹೂವನ್ನು ಮಾಲೆ ಮಾಡಿ ಹನುಮಪ್ಪನಿಗೆ ಹಾಕುತ್ತಿದ್ದಳು. ಅಂಥ ಗಿಡಕ್ಕೆ ಒಬ್ಬ ಗಂಡಸು ತಾಳಿ ಕಟ್ಟಿದ್ದನ್ನು ನಾನು ಕಂಡದ್ದು ನಿಜಾಮರ ಆಳಿಕೆಯ ಕೊನೆಯ ದಿನಗಳಲ್ಲಿ. ಗೌರಕ್ಕನಿಗೆ ಗೊತ್ತುಮಾಡಿದ ಗಂಡಿಗೆ ಇಬ್ಬರು ಹೆಂಡಿರು ತೀರಿಕೊಂಡಿದ್ದರು. ಮೂರನೆಯವಳೂ ಉಳಿಯುವುದಿಲ್ಲ ಎಂಬುದು ಜನರ ನಂಬಿಕೆ. ಅದಕ್ಕೇ ಮೂರನೆಯ ತಾಳಿಯನ್ನು ನಮ್ಮ ಹೊಲದ ಬದುವಿನ ಎಕ್ಕೆಗೆ ಕಟ್ಟಿಸಿ, ಗಿಡ ಕಡಿದುಹಾಕಿ, ನಾಲ್ಕನೆಯದನ್ನು ಅಕ್ಕನ ಕೊರಳಿಗೆ ಬಿಗಿದರು. ಅರಿಸಿನ ಹಚ್ಚಿ ಖಣ ಸುತ್ತಿದ್ದ ಗಿಡದಿಂದ ಹಾಲು ಸುರಿಯಿತು. ಸಾವು ಗಿಡಕ್ಕೆ ಹೋಯಿತು, ಇನ್ನು ಕೂಸಿಗೆ ಏನೂ ಆಗುವುದಿಲ್ಲ ಎಂದು ಅಪ್ಪ ಅವ್ವನನ್ನು ಸಮಾಧಾನಪಡಿಸಿದ. ಆ ಮನೆಯಲ್ಲಿ ಮೊದಲಿನ ಇಬ್ಬರು ಹೇಗೆ ಸತ್ತರೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಎಕ್ಕೆ ಕಡಿದರೆ ಸಾಯುವ ಗಿಡವೇ? ಮುಂದಿನ ಮಳೆಗೆ ಬುಡದಿಂದ ಚಿಗುರಿತು. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಮೊಣಕಾಲೆತ್ತರ ಬೆಳೆದಿತ್ತು. ನೀಲವ್ವ ಹುಟ್ಟಿದ ಮುಂಜಾನೆ ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಹುಸೇನಬಿ ಕೈ ತೊಳೆಯದೆಯೇ ಹೊರಗೆ ಬಂದಳು.

"ನನ್ನ ಕೈಲೆ ಆಗೂದಿಲ್ಲ ಅಣ್ಣಾ. ಬಂಡಿ ಹೂಡ್ರಿ, ಕುಷ್ಟಗಿ ದವಾಖಾನಿಗೆ ಒಯ್ಯೂಣು."

ಅಪ್ಪ ಬಂಡಿ ಹೂಡಿದ. ಹಾರೆ, ಗುದ್ದಲಿ ಹಾಕಿಕೊಂಡು ಹೊಲದ ದಾರಿ ಹಿಡಿದ.

"ಮೂರನೆಯಾಕಿ ಇನ್ನೂ ಜೀವಂತ ಅದಾಳ. ಬೇರು ಕಿತ್ತರ ನನ್ನ ಮಗಳು ಉಳೀತಾಳ" ಎಂದ.

ಹುಸೇನಬಿ ಕೂಗುತ್ತ ಬಂಡಿಯ ಹಿಂದೆ ಓಡಿದಳು. ಎಕ್ಕೆಯ ಬೇರು ಆಳ. ಹೊತ್ತು ನೆತ್ತಿಗೆ ಬಂದಾಗ ಅಪ್ಪ ಮಣ್ಣು ಮೆತ್ತಿದ ಕೈಯಲ್ಲಿ ಬಾಗಿಲಿಗೆ ಬಂದು, "ಪೂರಾ ಬೇರು ಬಂತು, ಗೌರಿ" ಎಂದ. ಒಳಗೆ ಅವ್ವ ಅಕ್ಕನ ಮುಖಕ್ಕೆ ಸೆರಗು ಎಳೆದಿದ್ದಳು.

ಅವ್ವ ಬದುಕಿರುವವರೆಗೆ ಅಪ್ಪನೊಡನೆ ಮಾತಾಡಲಿಲ್ಲ. ಅಕ್ಕನ ಗಂಡ ವರ್ಷ ತುಂಬುವ ಮೊದಲೇ ಇನ್ನೊಬ್ಬಳನ್ನು ತಂದ; ಐದನೆಯವಳಿಗೆ ಯಾವ ಗಿಡವೂ ಬೇಕಾಗಲಿಲ್ಲ. ಗಿಡವನ್ನೂ ಹೆಣ್ಣೆಂದು ಕಂಡವರು ನಮ್ಮ ಹಿರಿಯರು ಎಂದು ಯಾರಾದರೂ ಹಾಡಿಹೊಗಳಿದರೆ ಇಂದಿಗೂ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಎತ್ತುಗಳಿದ್ದವು, ಬಂಡಿಯಿತ್ತು, ದಾರಿಯೂ ಇತ್ತು.

ಹೆರಿಗೆಯಲ್ಲಿ ತಾಯಿ ತೀರಿಹೋದಳೆಂದಷ್ಟೇ ನೀಲವ್ವನಿಗೆ ಗೊತ್ತು. ಅವಳು ಬಿಸಿ ಎಲೆ ತಂದು ನನ್ನ ಮೊಣಕಾಲಿಗೆ ಒತ್ತಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಕ್ಕನದೇ ಗಲ್ಲ.

"ಯಾಕ ಚಿಗವ್ವ, ಭಾಳ ಸುಡತೈತೇನು?"

ಹೂಂ ಎಂದೆ. ಅವಳು ಎಲೆಯನ್ನೆತ್ತಿ, ಊದಿ ಆರಿಸಿ, ಮತ್ತೆ ಅಲ್ಲೇ ಇಟ್ಟಳು.