ಪಕ್ಕದಲ್ಲಿ ನಿಂತ ಹವಾಲ್ದಾರರು

ಹವಾಲ್ದಾರರ ಬಲಗೈಯ ಎರಡು ಬೆರಳಿಗೆ ತುದಿಯೇ ಇರಲಿಲ್ಲ. ಗಡಿಯ ಹಿಮದಲ್ಲಿ ಕಳೆದುಕೊಂಡದ್ದು. ಆ ಮೊಂಡು ಬೆರಳುಗಳಲ್ಲೇ ಮಂಡಕ್ಕಿ ಮುಕ್ಕುತ್ತಾ, ನಾವು ಕದ್ದು ನೋಡುವುದನ್ನು ಕಂಡರೆ ಕೈಯನ್ನೇ ಮುಂದೆ ಚಾಚುತ್ತಿದ್ದರು. "ಸರಿಯಾಗಿ ನೋಡ್ರಲೇ. ಪಿಂಚಣಿ ಜೊತಿಗೆ ಇದೂ ಬರತೈತೆ."

ನಿವೃತ್ತರಾಗಿ ಬಂದ ಮೇಲೆ ಹರಿಹರದ ಹೊಳೆ ಕಡೆಯ ಮೈದಾನದಲ್ಲಿ ಅವರು ಹುಡುಗರನ್ನು ಸೇನಾ ಭರ್ತಿಗೆ ತಯಾರು ಮಾಡುತ್ತಿದ್ದರು. ನಾನು ಪಕ್ಕದ ಗುತ್ತೂರಿನವನು. ಅಪ್ಪಾಜಿ ಅಲ್ಲೇ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರರು. ಮಗ ಮಿಲಿಟರಿ ಸೇರಬೇಕೆಂಬುದು ಅವರ ಆಸೆ, ನನಗೆ ಓಡುವುದು ಇಷ್ಟ. ಎರಡೂ ಒಂದೇ ಎಂದುಕೊಂಡು ಮೈದಾನಕ್ಕೆ ಹೋದೆ.

ಹೊಸಬರು ಯಾರೇ ಬಂದರೂ ಹವಾಲ್ದಾರರು "ಯಾಕ ಮಿಲ್ಟ್ರಿ?" ಎಂದು ಕೇಳುವರು. ಎಲ್ಲರೂ ಎದೆಯುಬ್ಬಿಸಿ "ದೇಶಕ್ಕೋಸ್ಕರ ಸಾರ್" ಅನ್ನುವರು. "ಅದು ಸ್ಟೇಜ್ ಮೇಲಿನ ಉತ್ತರ. ಎರಡನೇದು ಹೇಳು." ಒಬ್ಬ ಬಂದೂಕು ಹಿಡಿಯುವ ಆಸೆ ಎಂದ, ಇನ್ನೊಬ್ಬ ಮನೆಯಿಂದ ದೂರ ಹೋದರೆ ಸಾಕು ಎಂದ. ಇಬ್ಬರನ್ನೂ ಒಪ್ಪಿದರು. ನನಗೆ ಎರಡನೆಯದು ಹೊಳೆಯಲೇ ಇಲ್ಲ. "ಸಿಕ್ಕಾಗ ಹೇಳು" ಎಂದು ಓಡಲು ಬಿಟ್ಟರು.

ಒಂದು ದಿನ ಮರಳಿನ ಚೀಲಗಳನ್ನು ಮೈದಾನದ ಆ ತುದಿಗೆ ಹೊರಿಸಿ, ಮತ್ತೆ ಈ ತುದಿಗೇ ತರಿಸಿದರು. ನಾನು ಸುಮ್ಮನಿರಬೇಕಲ್ಲ. "ಇಲ್ಲೇ ತಂದಿಡೋದಾದ್ರೆ ಅಲ್ಲಿಗೆ ಒಯ್ದಿದ್ದು ಯಾಕ ಸಾರ್?" ಎಂದೆ. ಹುಡುಗರು ನಕ್ಕರು, ಅವರು ನಗಲಿಲ್ಲ. "ಕೇಳೋದು ತಪ್ಪಲ್ಲ ತಮ್ಮಾ. ಆದ್ರೆ ಅಲ್ಲಿ ನೀ ಕೇಳಿ ಮುಗ್ಸೋದ್ರೊಳಗೆ ಪಕ್ಕದೋನು ಹೋಗಿರ್ತಾನೆ. ನಿನ್ನ ಕಾಲು ಹೊಂಟೈತೆ, ತಲೆ ಹೊಂಟಿಲ್ಲ, ನೋಡ್ಕೋ."

ಭರ್ತಿಯಲ್ಲಿ ನನ್ನ ಕಾಲು ನನ್ನನ್ನು ಪಾಸು ಮಾಡಿಸಿಬಿಟ್ಟಿತು. ಹೊರಡಲು ಕರೆ ಬಂತು. ಗೆಳೆಯರು ಬಸ್‌ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಕಟ್ಟಿಸಿದರು: ನನ್ನ ಮುಖ, ಅದಕ್ಕೆ ಯಾರದೋ ಸಮವಸ್ತ್ರದ ಮೈ, ಹಿಂದೆ ಟ್ಯಾಂಕು, ಮೂಲೆಯಲ್ಲಿ ಕೈಮುಗಿದ ಅಪ್ಪಾಜಿ. ನಮ್ಮ ಕಡೆ ಫ್ಲೆಕ್ಸ್ ಏರಿದ ಮೇಲೆ ಮನುಷ್ಯ ಇಳಿಯುವಂತಿಲ್ಲ. ನನಗೋ ಇಳಿಯಬೇಕಿತ್ತು. ಸಾವಿನ ಭಯವೇ ಎಂದರೆ ಅದೂ ಇತ್ತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವ ಬದುಕು ನನ್ನದಲ್ಲ ಎಂಬುದು ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. "ಅಗ್ನಿವೀರ ಅಂದ್ರೆ ನಾಲ್ಕೇ ವರ್ಷ, ಕಣ್ಮುಚ್ಕೊಂಡ್ರೆ ಆಗೋತು" ಎನ್ನುತ್ತಿದ್ದರು ಅಪ್ಪಾಜಿ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮನೆ ತುಂಬ ನೆಂಟರು, ಹೋಳಿಗೆ ಊಟ. ಹವಾಲ್ದಾರರು ಬಂದರು. ಹೊರಡುವ ಪ್ರತಿಯೊಬ್ಬನ ಚೀಲವನ್ನೂ ತಾವೇ ಬಿಚ್ಚಿ ನೋಡುವುದು ಅವರ ಪದ್ಧತಿ. ನನ್ನದನ್ನು ಹಿತ್ತಲ ಕಟ್ಟೆಯ ಮೇಲಿಟ್ಟುಕೊಂಡು, "ಒಳಗೇನೈತೆ, ನೋಡ್ಲಾರ್ದೆ ಹೇಳು" ಎಂದರು. ನಾನು ತಡವರಿಸಿದೆ.

"ಯಾರು ತುಂಬಿದ್ದು?"

"ಅವ್ವ."

ಅವರು ಜಿಪ್ ಎಳೆಯಲೇ ಇಲ್ಲ. "ಹೋಗೋನು ತನ್ನ ಚೀಲ ತಾನೇ ತುಂಬ್ಕಂತಾನೆ. ಹತ್ತು ಸಲ ಬಿಚ್ತಾನೆ, ಹತ್ತು ಸಲ ತುಂಬ್ತಾನೆ. ನಿನಗೆ ಹೋಗಾಕೆ ಮನಸಿಲ್ಲ, ಹೌದಿಲ್ಲೋ?"

ಹೌದೆಂದು ತಲೆಯಾಡಿಸಿದೆ. "ಅಪ್ಪಾಜಿಗೆ ನೀವೇ ಹೇಳ್ರಿ ಸಾರ್."

"ಬ್ಯಾಡ. ಇದನ್ನ ನೀನೇ ಹೇಳ್ಬೇಕು. ನಾನು ಪಕ್ಕದಾಗೆ ನಿಂತಿರ್ತೀನಿ."

ಪಡಸಾಲೆಯ ತುಂಬ ಜನ ಉಣ್ಣುತ್ತಿದ್ದರು. ಅಷ್ಟೂ ಜನರ ಎದುರಿಗೆ, "ಅಪ್ಪಾಜಿ, ನಾನು ಹೋಗಲ್ಲ" ಎಂದೆ. ಬಡಿಸುತ್ತಿದ್ದ ಅವ್ವ ಪಾತ್ರೆ ಕೆಳಗಿಟ್ಟಳು. ಅಪ್ಪಾಜಿ ನನ್ನ ಮೇಲೆ ಕೈಯೆತ್ತಿ ಬಂದವರು, ಹವಾಲ್ದಾರರನ್ನು ಕಂಡು ಅವರತ್ತ ತಿರುಗಿದರು.

"ಇದಕ್ಕೇನ್ರಿ ನೀವು ತರಬೇತಿ ಕೊಟ್ಟಿದ್ದು?"

"ಹೌದ್ರಿ," ಎಂದರು ಅವರು. "ಇದಕ್ಕೂ ಕೊಟ್ಟಿದ್ದೆ."

ಅಪ್ಪಾಜಿ ಬಾಗಿಲ ಕಡೆ ಬೆರಳು ತೋರಿಸಿದರು. ಹವಾಲ್ದಾರರು ಉಣ್ಣದೆ ಹೊರಟುಹೋದರು. ಮರುದಿನ ಬೆಳಿಗ್ಗೆ ಎಲ್ಲರೂ ನೋಡುತ್ತಿದ್ದಂತೆ ಏಣಿ ಹತ್ತಿ ಆ ಫ್ಲೆಕ್ಸ್ ಬಿಚ್ಚಿದವರೂ ಅವರೇ. "ನೀವು ಹುಡುಗ್ರನ್ನ ಮಿಲ್ಟ್ರಿಗೆ ಕಳ್ಸೋರೋ, ಮನಿಗೆ ಕಳ್ಸೋರೋ?" ಎಂದು ಯಾರೋ ಕುಟುಕಿದರು. ಅವರು ಹಗ್ಗ ಸುತ್ತಿಕೊಂಡರು. ಬಹಳ ದಿನ ಗುತ್ತೂರಿನಿಂದ ಒಬ್ಬ ಹುಡುಗನೂ ಅವರ ಮೈದಾನಕ್ಕೆ ಕಾಲಿಡಲಿಲ್ಲ. ಅಪ್ಪಾಜಿ ಅವರೊಂದಿಗೆ ಮಾತು ಬಿಟ್ಟರು. ನಾನು ದಾವಣಗೆರೆಯಲ್ಲಿ ಕಾನೂನು ಓದಲು ಸೇರಿದೆ. ಅಲ್ಲಿ ನನ್ನ ಪ್ರಶ್ನೆಗಳಿಂದ ಯಾರ ಜೀವಕ್ಕೂ ಅಪಾಯವಿಲ್ಲ.

ಕಳೆದ ಬೇಸಿಗೆಯಲ್ಲಿ ಹವಾಲ್ದಾರರು ತೀರಿಕೊಂಡರು. ಅವರು ತಯಾರು ಮಾಡಿ ಕಳಿಸಿದವರಲ್ಲಿ ಒಬ್ಬನಿಗೂ ಅಷ್ಟು ಬೇಗ ರಜೆ ಸಿಗಲಿಲ್ಲ. ಒಬ್ಬನಂತೂ ಫೋನಿನಲ್ಲಿ ಮಗುವಿನಂತೆ ಅತ್ತ. ಹೆಗಲು ಕೊಡಲು ಉಳಿದವರು ನಾವು, ಅವರು ತಿಳಿಹೇಳಿ ಹಿಂದಕ್ಕೆ ಕಳಿಸಿದವರು. ಇಷ್ಟು ಜನ ಇದ್ದೇವೆಂದು ನಮಗೇ ಗೊತ್ತಿರಲಿಲ್ಲ. ದಾರಿಯ ನಡುವೆ ಯಾರೋ ನನ್ನ ತೋಳು ಮುಟ್ಟಿದರು. ನೋಡಿದರೆ ಅಪ್ಪಾಜಿ, ಕಾರ್ಖಾನೆಯ ಅಂಗಿಯಲ್ಲೇ ಓಡಿಬಂದಿದ್ದರು.

"ನೀ ಸರಿ," ಎಂದರು. "ನಾ ಹೊರ್ತೀನಿ."

ಮಸಾಣ ಮುಟ್ಟುವವರೆಗೂ ಆ ಹೆಗಲನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.