ಕೆಂಪು ದಾರದ ನಂಬರು

ಹಾಜರಿ ಅಕ್ಕ ಅಂತ ಅವಳಿಗೆ ಹೆಸರಿಟ್ಟವನು ಅವಳ ಒಡಹುಟ್ಟಿದ ತಮ್ಮನೇ. ಬೆನ್ನ ಹಿಂದೆ ಇಟ್ಟ ಹೆಸರು. ಎದುರಿಗೆ ನಿಂತು ಹಾಗೆ ಕರೆಯುವ ಎದೆಗಾರಿಕೆ ಆ ಮನೆತನದಲ್ಲಿ ಒಬ್ಬರಿಗೂ ಇರಲಿಲ್ಲ. ಐವತ್ನಾಲ್ಕು ವರ್ಷದ ಹೆಂಗಸು. ದೊಡ್ಡದೊಂದು ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸುವ ವಿಭಾಗಕ್ಕೆ ಮೇಲ್ವಿಚಾರಕಿ. ಎರಡು ಆಸ್ಪತ್ರೆ, ಆರೇಳು ಹೋಟೆಲು, ಊರಾಚೆ ಕೆರೆ ದಡದಲ್ಲಿ ಬಾಡಿಗೆಗೆ ಸಿಗುವ ಒಂದು ಬಂಗಲೆ, ಇಷ್ಟೂ ಕಡೆಯ ಕೊಳೆ ಬಟ್ಟೆ ಗಂಟುಗಂಟಾಗಿ ಬಂದು ಬೀಳುತ್ತಿದ್ದದ್ದು ಅವಳ ಮುಂದೆ. ಗಂಟು ಬಿಚ್ಚಿದ ಅರ್ಧ ನಿಮಿಷಕ್ಕೆ ಅದರ ಪೂರ್ವಾಪರವೆಲ್ಲ ಹೇಳಿಬಿಡುತ್ತಿದ್ದಳು. ಹಾಸಿಗೆಯಲ್ಲೇ ಕೂತು ಕಾಫಿ ಕುಡಿದವನು ಎಡಗೈಯವನು, ಟವೆಲಿನಲ್ಲಿ ಶೂ ಒರೆಸಿದ ಪುಣ್ಯಾತ್ಮ ಮೂರನೇ ರೂಮಿನವನು, ಹೀಗೆ. ಕೆಲಸದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮನುಷ್ಯರು ಮುಖದಲ್ಲಿ ಸುಳ್ಳು ಹೇಳಬಹುದು, ಬೆಡ್‌ಶೀಟಿನಲ್ಲಿ ಆಗಲ್ಲ ಅನ್ನುವುದು ಅವಳ ನಂಬಿಕೆ. ಅದಕ್ಕೇ ಇರಬೇಕು, ಮುಖ ನೋಡುವ ಅಭ್ಯಾಸವನ್ನೇ ಬಿಟ್ಟುಬಿಟ್ಟಿದ್ದಳು.

ಅಪ್ಪ ಹೋದ ಮೇಲೆ ಎರಡು ವರ್ಷ ಆ ಮನೆಯವರು ಒಂದು ಕಡೆ ಕೂತು ಊಟ ಮಾಡಿದ್ದೇ ಇಲ್ಲ. ತಮ್ಮ ಅವನ ಪಾಡಿಗೆ, ತಂಗಿ ಅವಳ ಪಾಡಿಗೆ, ಅಮ್ಮ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ರೇಡಿಯೋ ಪಾಡಿಗೆ. ಆಗ ಸೆರಗು ಸಿಕ್ಕಿಸಿಕೊಂಡು ನಿಂತವಳು ಇವಳು. ಮಳೆ ನಿಂತು, ಮರದ ಎಲೆ ಹಳದಿಗೆ ತಿರುಗಿ, ಮಕ್ಕಳ ಶಾಲೆಗೆ ಒಂದು ವಾರ ರಜೆ ಕೊಡುವ ಹೊತ್ತಿಗೆ ಕೆರೆ ದಡದ ಬಂಗಲೆಯಲ್ಲಿ ಮೂರು ದಿನ ಎಲ್ಲರೂ ಸೇರಲೇಬೇಕು ಅಂದಳು. ಆ ಬಂಗಲೆಯೇ ಯಾಕೆ ಅಂತ ತಂಗಿ ಕೇಳಿದ್ದಕ್ಕೆ, "ಅವರ ಬೆಡ್‌ಶೀಟು ನಾನು ಏಳು ವರ್ಷದಿಂದ ನೋಡ್ತಾ ಇದ್ದೀನಿ. ನಿಯತ್ತಿನ ಜನ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಮೊದಲ ವರ್ಷವೇ ಒಂದು ಅನಾಹುತ ಆಯಿತು. ತಂಗಿಯ ಗಂಡ, ಕನ್ನಡಕದ ಅಂಗಡಿಯವನು, ಕಣ್ಣು ಕಾಣದವನ ಹಾಗೆ ಇವಳ ಟವೆಲಿನಲ್ಲಿ ಮುಖ ಒರೆಸಿಕೊಂಡುಬಿಟ್ಟ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವಳು ಹತ್ತು ಬಿಳಿ ಟವೆಲು ತಂದು, ಲಾಂಡ್ರಿಯಲ್ಲಿ ಮಾಡುವ ಹಾಗೆ ಒಂದೊಂದರ ಮೂಲೆಗೂ ಕೆಂಪು ದಾರದಲ್ಲಿ ನಂಬರು ಹೊಲಿದಳು. ಒಂದನೇ ನಂಬರನ್ನು ಅಮ್ಮನಿಗೆ ಕೊಡಬಹುದಿತ್ತು. ಕೊಡಲಿಲ್ಲ, ತಾನೇ ಇಟ್ಟುಕೊಂಡಳು. ಎರಡು ಗಂಡನಿಗೆ, ಮೂರು ಅಮ್ಮನಿಗೆ, ನಾಲ್ಕು ತಮ್ಮನಿಗೆ, ಐದು ಅವನ ಹೆಂಡತಿಗೆ, ಆರು ತಂಗಿಗೆ, ಏಳು ಆ ಕನ್ನಡಕದವನಿಗೆ, ಉಳಿದ ಮೂರು ತಮ್ಮ, ತಂಗಿಯರ ಮಕ್ಕಳಿಗೆ. ಬಂಗಲೆಯವರು ಕೊಡುವ ಟವೆಲನ್ನು ಯಾರೂ ಮುಟ್ಟಕೂಡದು ಅಂತ ಕಟ್ಟಪ್ಪಣೆ. ಹೊರಡುವ ದಿನ ಹತ್ತನ್ನೂ ಎಣಿಸಿ, ಮಡಿಸಿ, ಅವರವರ ಚೀಲಕ್ಕೆ ತಾನೇ ಹಾಕುತ್ತಿದ್ದಳು.

ಇನ್ನು ಆ ಮೂರು ದಿನದ ಸುಖವನ್ನು ಏನಂತ ಹೇಳೋಣ! ಆರೂವರೆಗೆ ಏಳಬೇಕು. ಏಳಕ್ಕೆ ಕೆರೆ ಸುತ್ತ ನಡಿಗೆ, ಮಂಡಿ ನೋವಿರುವ ಅಮ್ಮನಿಗೆ ಅರ್ಧ ಸುತ್ತಿನ ರಿಯಾಯಿತಿ. ಸ್ನಾನ ನಂಬರಿನ ಪ್ರಕಾರ, ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಮಕ್ಕಳ ಸರದಿ ಬರುವಷ್ಟರಲ್ಲಿ ಬಿಸಿನೀರು ಖಾಲಿ. ಒಂದು ಗಂಟೆಗೆ ಊಟ. ಒಂದು ಐದಕ್ಕೆ ಬಂದವರಿಗೆ ಊಟದ ಜೊತೆ ಮಂಗಳಾರತಿ. ಎಲ್ಲಕ್ಕಿಂತ ಘನವಾದದ್ದು ಅಡುಗೆಮನೆ ಬಾಗಿಲಿಗೆ ಅಂಟಿಸಿದ ಹಾಳೆಯ ನಡುವಿನ ಸಾಲು: ನಾಲ್ಕರಿಂದ ಐದು, ಹರಟೆ. ನಾಲ್ಕು ಹೊಡೆಯಿತು ಅಂದರೆ ಹತ್ತೂ ಜನ ಜಗಲಿಗೆ ಬಂದು ಹಾಜರಿ ಹೇಳಿ ದುಂಡಗೆ ಕೂರಬೇಕು, ಹರಟಬೇಕು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಮಾತಾಡ್ರೋ, ಇದಕ್ಕೇ ತಾನೇ ಬಂದಿರೋದು?" ಅಂತ ಇವಳು ಗದರಿಸಿದರೆ, ತಮ್ಮ ಗಂಟಲು ಸರಿ ಮಾಡಿಕೊಂಡು, "ಈ ಸಲ ಎಲೆ ಸ್ವಲ್ಪ ಬೇಗ ಉದುರ್ತಾ ಇದೆ" ಅನ್ನುತ್ತಿದ್ದ. ಹತ್ತು ವರ್ಷವೂ ಎಲೆ ಬೇಗ ಉದುರಿತ್ತು.

ಕೊನೆಯ ದಿನ ಕಾರು ಹತ್ತುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಹೇಗಿತ್ತು?" ಅಂತ ಕೇಳುವಳು. "ತುಂಬಾ ಚೆನ್ನಾಗಿತ್ತು!" ಅಂತ ಎಲ್ಲರೂ ಒಂದೇ ಉಸಿರಿಗೆ ಒಪ್ಪಿಸುವರು. ಇವಳಿಗೆ ಕಣ್ಣು ತುಂಬಿ ಬರುತ್ತಿತ್ತು. ನಿಜವಾಗಿಯೂ ಬರುತ್ತಿತ್ತು, ಸುಳ್ಳಲ್ಲ. "ನಾನೊಬ್ಬಳು ಇಲ್ದೇ ಇದ್ದಿದ್ರೆ ನೀವೆಲ್ಲ ದಿಕ್ಕಾಪಾಲಾಗಿ ಹೋಗ್ತಿದ್ರಿ" ಅನ್ನುವಳು. ವರ್ಷದ ಉಳಿದ ದಿನವೆಲ್ಲ ಉಗಿ, ಸೋಪು, ಕಂಡವರ ಕೊಳೆಯ ನಡುವೆ ನಿಂತಿರುವಾಗ ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಈ ಒಂದು ಮಾತೇ.

ಈ ವರ್ಷದ ಮೂರು ದಿನವೂ ಹಾಗೇ ಸುಸೂತ್ರವಾಗಿ ಮುಗಿಯಿತು. ಅದಾದ ಎರಡನೇ ವಾರ ಗಂಡ, ಮನೆಮನೆಯ ನೀರಿನ ಮೀಟರು ಓದುವ ಕೆಲಸದವನು, ಶುಕ್ರವಾರದಿಂದ ಮೂರು ದಿನ ಇಲಾಖೆಯ ತರಬೇತಿ ಇದೆ, ಸೋಮವಾರ ಅಲ್ಲಿಂದಲೇ ಕೆಲಸಕ್ಕೆ ಹೋಗಿ ಸಂಜೆ ಬರ್ತೀನಿ ಅಂದ. ನಾಲ್ಕು ವರ್ಷದಿಂದ ಎಲೆ ಉದುರುವ ಕಾಲಕ್ಕೆ ಸರಿಯಾಗಿ ಈ ತರಬೇತಿ ಬರುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅದೇ ಮೀಟರು, ಅದೇ ಮುಳ್ಳು. ಅದನ್ನು ನೋಡಲು ಇನ್ನೇನು ತರಬೇತಿಯೋ ಅಂತ ಇವಳು ಒಂದು ದಿನವೂ ಕೇಳಲಿಲ್ಲ. ಚೀಲ ತಾನೇ ಕಟ್ಟಿದಳು. ಎರಡನೇ ನಂಬರಿನ ಟವೆಲು ತಾನೇ ಮಡಿಸಿ ಇಟ್ಟಳು. "ಕಂಡವರ ಟವೆಲು ಮುಟ್ಟಬೇಡಿ ರೀ" ಅಂತ ಬಾಗಿಲವರೆಗೂ ಬಂದು ಹೇಳಿದಳು.

ಸೋಮವಾರ ಬೆಳಿಗ್ಗೆ ಬಂಗಲೆಯ ಗಂಟು ಬಂತು. ಬಿಚ್ಚಿದಳು. ಬೆಡ್‌ಶೀಟು ಹನ್ನೊಂದು, ದಿಂಬಿನ ಚೀಲ ಹದಿನಾಲ್ಕು. ಹಾಸಿಗೆ ಮೇಲೇ ಕೂತು ಊಟ ಮಾಡಿದ್ದಾರೆ, ಎಣ್ಣೆ ಕೈ ಒರೆಸಿದ್ದಾರೆ, ಒಂದು ಶೀಟನ್ನು ಹುಲ್ಲಿನ ಮೇಲೆ ಹಾಸಿ ಹೊರಳಾಡಿದ್ದಾರೆ. "ಯಾವ ದನ ಕಾಯೋರು ಬಂದಿದ್ರಪ್ಪ ಈ ಸಲ?" ಅಂತ ಜೋರಾಗಿ ಅಂದಳು. ಪಕ್ಕದಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮುಂದಿನ ಬಟ್ಟೆ ಎಳೆದರೆ ಒಂದು ಬಿಳಿ ಟವೆಲು. ಮೂಲೆಯಲ್ಲಿ ಕೆಂಪು ದಾರ. ಏಳು.

ಹೋದ ಸಲ ಮರೆತದ್ದಿರಬೇಕು ಅಂದುಕೊಂಡಳು. ಮರುಕ್ಷಣವೇ ಇಲ್ಲ ಅನ್ನಿಸಿತು. ಹತ್ತನ್ನೂ ತಾನೇ ಎಣಿಸಿದ್ದಳಲ್ಲ. ಇನ್ನೊಂದು ಎಳೆದಳು, ಐದು. ಆಮೇಲೆ ಆರು, ನಾಲ್ಕು. ಮಕ್ಕಳ ಮೂರೂ ಒಂದಕ್ಕೊಂದು ಸುತ್ತಿಕೊಂಡು ಕೆಸರಾಗಿ ಬಂದವು. ಮೂರನೇ ನಂಬರು ಕಂಡಾಗ ಎತ್ತಿ ಮೂಗಿಗೆ ಹಿಡಿದಳು. ಅಮ್ಮನದು, ಔಷಧಿ ಎಣ್ಣೆಯ ವಾಸನೆ ಬೇರೆ. ಮಂಡಿ ನೋವಿನ ಅಮ್ಮ, ಅರ್ಧ ಸುತ್ತಿಗೇ ಉಸ್ಸಪ್ಪಾ ಅನ್ನುವ ಅಮ್ಮ, ಎರಡು ವಾರದಲ್ಲಿ ಎರಡನೇ ಸಲ ಅಷ್ಟು ದೂರ ಹೋಗಿದ್ದಾಳೆ! ಕೈ ಗಂಟಿನ ತಳಕ್ಕೆ ಹೋಯಿತು. ಅಲ್ಲಿ ಏನಿದೆ ಅಂತ ನೋಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಆದರೂ ಎಳೆದಳು. ಎರಡು.

ಕಳ್ಳತನ ಮಾಡುವವರು ಸ್ವಲ್ಪ ಬುದ್ಧಿಯಿಂದಾದರೂ ಮಾಡಬೇಕಲ್ಲ. ಲೋಕದಲ್ಲಿ ಎಷ್ಟು ಬಂಗಲೆ ಇಲ್ಲ? ಇವರಿಗೆ ಗೊತ್ತಿದ್ದದ್ದು ಅದೊಂದೇ. ಬೇರೆ ಕಡೆ ಹುಡುಕುವುದು ಹೇಗೆ, ಯಾರಿಗೆ ಫೋನ್ ಮಾಡುವುದು ಅಂತ ಆ ಒಂಬತ್ತು ಜನರಲ್ಲಿ ಒಬ್ಬರಿಗೂ ತಿಳಿಯದು. ಹತ್ತು ವರ್ಷದಿಂದ ಆ ಕೆಲಸ ಇವಳದೇ. ಟವೆಲು ಎಣಿಸಿ ಚೀಲಕ್ಕೆ ಹಾಕುವುದೂ ಇವಳದೇ. ಇವಳಿಂದ ತಪ್ಪಿಸಿಕೊಂಡು ಓಡಿದವರು, ಇವಳಿಗೆ ಹೆದರಿ ಇವಳ ಟವೆಲನ್ನೇ ಹಿಡಿದುಕೊಂಡು ಓಡಿದ್ದರು.

ಸಂಜೆ ಗಂಡ ಬಂದು ಚೀಲ ಇಳಿಸಿ ಚಪ್ಪಲಿ ಬಿಡುವಾಗ ಊಟದ ಮೇಜಿನ ಮೇಲೆ ಒಂಬತ್ತು ಟವೆಲು, ಒಗೆದು ಇಸ್ತ್ರಿ ಮಾಡಿದ್ದು, ಸಾಲಾಗಿ ಇದ್ದವು. ಅವನು ಇನ್ನೊಂದು ಚಪ್ಪಲಿ ಬಿಡುವುದನ್ನೇ ಮರೆತ.

"ತರಬೇತಿ ಹೇಗಿತ್ತು?" ಅಂದಳು.

"ತುಂಬಾ ಚೆನ್ನಾಗಿತ್ತು" ಅಂದುಬಿಟ್ಟ. ಹತ್ತು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬಂತು.

"ಎಷ್ಟು ವರ್ಷದಿಂದ?"

"ನಾಲ್ಕು."

"ಮತ್ತೆ ಟವೆಲು ಇಷ್ಟು ದಿನ ಸಿಕ್ಕಿಹಾಕ್ಕೊಳ್ಳಲಿಲ್ವಲ್ಲ?"

"ಹೊರಡೋವಾಗ ನಿನ್ನ ತಮ್ಮನ ಹೆಂಡ್ತಿ ಎಣಿಸಿ ಎತ್ತಿಟ್ಕೋತಿದ್ಲು. ಈ ಸಲ ಯಾರೂ ಎಣಿಸೋದೂ ಬೇಡ, ಎತ್ತಿಡೋದೂ ಬೇಡ ಅಂತ..." ಅವನು ಅಲ್ಲಿಗೇ ನಿಲ್ಲಿಸಿದ.

"ಅವರು ಹೋಗಲಿ ರೀ. ಅವರಿಗೆ ನಾನು ಬೇಡ. ನೀವೂನಾ?"

ಅವನು ತಲೆ ಕೆರೆದುಕೊಂಡ. ಬಡಪಾಯಿ, ಮೀಟರಿನ ಮುಳ್ಳು ಓದಿ ಗೊತ್ತೇ ಹೊರತು ಇಂಥದ್ದೆಲ್ಲ ಗೊತ್ತಿಲ್ಲ. "ನಾನು ಹೋಗಿದ್ದು ನಿನಗೋಸ್ಕರ ಕಣೇ. ಅಲ್ಲಿ ಎಲ್ಲ ಸೇರಿ ನಿನ್ನ ಆಡ್ಕೊಳ್ಳೋಕೆ ಶುರು ಮಾಡಿದ್ರೆ, ನಿನ್ನ ಪರವಾಗಿ ಮಾತಾಡೋಕೆ ಒಬ್ಬರಾದ್ರೂ ಬೇಡವಾ?"

ಕಾರಣ ಪೊಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಅವಳಿಗೆ ಕೇಳದೆ ಇರಲಾಗಲಿಲ್ಲ. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಒಬ್ಬೊಬ್ಬರ ಬೈಗುಳಕ್ಕೂ ಉತ್ತರ ಕಟ್ಟಿಟ್ಟುಕೊಂಡಿದ್ದಳು. ಹನ್ನೆರಡು ನಿಮಿಷದ ಸ್ನಾನಕ್ಕೆ ಒಂದು ಉತ್ತರ, ಹರಟೆಗೆ ಒಂದು, ಹಾಜರಿಗೆ ಒಂದು.

"ಏನಂದ್ರು? ಒಂದೂ ಬಿಡದೆ ಹೇಳಿ. ಏನೇನು ಅಂದ್ರು ನನ್ನ?"

ಗಂಡ ಯೋಚಿಸಿದ. ಈ ಒಂದು ಸಲವಾದರೂ ಸುಳ್ಳು ಹೇಳಬಹುದಿತ್ತು, ಬೇಕಾದಾಗ ಅವನಿಗೆ ಅದೂ ಹೊಳೆಯುವುದಿಲ್ಲ.

"ಏನೂ ಇಲ್ಲ ಕಣೇ. ಮೂರು ದಿನ ನಿನ್ನ ಮಾತೇ ಬರಲಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೈದಿದ್ದರೆ ಜಗಳ ಆಡಬಹುದಿತ್ತು. ಎಲ್ಲರಿಗೂ ಫೋನ್ ಹಚ್ಚಿ ಬೆವರಿಳಿಸಬಹುದಿತ್ತು. ಗಂಡ ಮೆಲ್ಲಗೆ ನೀರು ತಂದಿಟ್ಟ. "ಅಮ್ಮ ಏನು ಮಾಡ್ತಿದ್ಲು ಅಲ್ಲಿ?" ಅಂದಳು ಲೋಟ ಕೆಳಗಿಡುತ್ತಾ. ಅಮ್ಮ ಕೆರೆ ಸುತ್ತ ಪೂರ್ತಿ ನಡೆದರಂತೆ, ಮೊಮ್ಮಕ್ಕಳ ಕೈ ಹಿಡಿದುಕೊಂಡು. ಜಗಲಿಯಲ್ಲಿ ಕೂತು ಅಪ್ಪನ ಕಥೆ ಹೇಳಿದರಂತೆ. ಎಲ್ಲರೂ ನಕ್ಕು ನಕ್ಕು ಊಟವನ್ನೇ ಮರೆತು ನಾಲ್ಕು ಗಂಟೆಗೆ ಉಂಡರಂತೆ.

"ಯಾವ ಕಥೆ?"

"ಅದೇ, ನಿಮ್ಮಪ್ಪ ತಪ್ಪಿ ಗುರುತಿಲ್ಲದೋರ ಮದುವೆ ಮನೆಗೆ ಹೋಗಿ ಉಂಡು ಬಂದಿದ್ದು."

"ನನಗೆ ಗೊತ್ತಿಲ್ಲ ಅದು" ಅಂದಳು.

ಅವತ್ತು ರಾತ್ರಿಯೇ ಚೂಪು ಕತ್ತರಿ ಹಿಡಿದು ಕೂತು ಒಂಬತ್ತು ಟವೆಲಿನ ನಂಬರನ್ನೂ ಬಿಚ್ಚಿದಳು. ಹತ್ತು ವರ್ಷದ ಹೊಲಿಗೆ, ದಾರ ಹೋದರೂ ಸೂಜಿ ತೂತು ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಏಳು ಏಳಾಗಿಯೇ ಕಾಣುತ್ತಿತ್ತು. ಗಂಡನದನ್ನು ಅವನ ಮಡಿಲಿಗೆ ಎಸೆದು, "ಇನ್ಮೇಲೆ ನಿಮ್ಮದು ಯಾವುದು ಅಂತ ನೀವೇ ಹುಡುಕ್ಕೊಳ್ಳಿ" ಅಂದಳು. ಉಳಿದ ಎಂಟನ್ನು ಕಟ್ಟಿ, ಮರುದಿನ ಲಾಂಡ್ರಿಯ ವ್ಯಾನಿನವನ ಕೈಲಿ ತಮ್ಮನ ಮನೆಗೆ ಕಳಿಸಿದಳು. ಚೀಟಿಗೀಟಿ ಏನೂ ಇಡಲಿಲ್ಲ.

ಮೂರು ದಿನ ಆ ಕಡೆಯಿಂದ ಸದ್ದೇ ಇಲ್ಲ. ಆ ಮೂರು ದಿನ ತಮ್ಮ, ತಂಗಿ, ಕನ್ನಡಕದವನು ಸೇರಿ ಎಷ್ಟು ಸಲ ಕೈ ಕೈ ಹಿಸುಕಿಕೊಂಡರೋ, ಯಾರು ಫೋನ್ ಮಾಡಬೇಕು ಅಂತ ಎಷ್ಟು ವಾದ ಮಾಡಿದರೋ! ನಾಲ್ಕನೇ ದಿನ ಊಟದ ಬಿಡುವಿನಲ್ಲಿ ಫೋನ್ ಬಂತು. ತಮ್ಮ.

"ಅಕ್ಕಾ, ಟವೆಲು ಬಂತು."

"ಸರಿ."

"ಚೆನ್ನಾಗಿ ಒಗೆದಿದ್ದೀಯ."

"ಅದೇ ತಾನೇ ನನ್ನ ಕೆಲಸ."

ಅವನು ಕಾಲು ಬದಲಿಸಿ ನಿಂತದ್ದು ಇಲ್ಲಿಗೇ ಗೊತ್ತಾಗುವಂತಿತ್ತು. "ಅಕ್ಕಾ, ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ಯಾವತ್ತು ಇಡ್ತೀಯ ಹೇಳು, ಎಲ್ಲರೂ ಬರ್ತೀವಿ. ಒಬ್ಬರೂ ತಪ್ಪಿಸಲ್ಲ. ಆರೂವರೆಗೇ ಏಳ್ತೀವಿ."

ಹತ್ತು ವರ್ಷ ಅವಳು ಕೇಳಬೇಕೆಂದಿದ್ದ ಮಾತೆಲ್ಲ ಅದರಲ್ಲಿತ್ತು. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಹಿಂದೆ ಮೆಷಿನ್ನು ಗಡಗಡ ತಿರುಗುತ್ತಿತ್ತು, ಜೋರಾಗಿ ಹೇಳಬೇಕಾಯಿತು. ಎಂದೂ ಯಾರನ್ನೂ ಏನೂ ಕೇಳಿಕೊಂಡವಳಲ್ಲ.

"ಮೊದಲನೇದು ಬೇಡ ಕಣೋ. ನಾನು ಇಡಲ್ಲ. ನೀವು ಎರಡನೇ ಸಲ ಹೋಗ್ತೀರಲ್ಲ, ಅದಕ್ಕೆ ನನ್ನನ್ನೂ ಕರೀರಿ. ಸುಮ್ಮನೆ ಕೂತಿರ್ತೀನಿ. ಅಪ್ಪನ ಆ ಕಥೆ ನಾನೂ ಕೇಳಬೇಕು."

ಆ ಕಡೆ ಗಂಟಲು ಸರಿ ಮಾಡಿಕೊಂಡ ಸದ್ದು.

"ಅಮ್ಮನ್ನ ಒಂದು ಮಾತು ಕೇಳಿ ಹೇಳ್ತೀನಿ ಅಕ್ಕಾ" ಅಂದ ತಮ್ಮ.

ಅಮ್ಮ ಅವನ ಪಕ್ಕದಲ್ಲೇ ಕೂತು ಕೆಮ್ಮುತ್ತಿದ್ದದ್ದು ಇವಳಿಗೆ ಫೋನಿನಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು.