ಹಳೆ ಜೀಪಿಗೆ ಬೇರೆ ಆ್ಯಕ್ಸಲ್, ಜಟ್ಟಪ್ಪನಿಗೆ ಕಮಲಕ್ಕನ ಕಿವಿ

ಕೊಪ್ಪದ ಬಾಳಗಡಿಯಲ್ಲಿ ಇನ್ನೂ ಅಂಗಡಿಗಳ ಬಾಗಿಲು ತೆರೆದಿಲ್ಲ. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಹಳೆಯ ಜೀಪೊಂದರ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಲಾಗಿದೆ. ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಮೆಕ್ಯಾನಿಕ್ ಜಟ್ಟಪ್ಪ ಕೊನೆಯ ಬೋಲ್ಟುಗಳನ್ನು ಬಿಗಿ ಮಾಡುತ್ತಿದ್ದಾರೆ. ಆಮೇಲೆ ಹೊರಗೆ ಬಂದು, ಜೀಪನ್ನು ಕೆಳಗಿಳಿಸಿ, ಕೈಯ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಂಡು ಹೆಂಡತಿಯತ್ತ ನೋಡುತ್ತಾರೆ. ತೋಟದ ಕೆಲಸಕ್ಕೆ ಹೊರಟು ನಿಂತಿದ್ದ ಕಮಲಕ್ಕ ಕತ್ತಿಯನ್ನೂ ಬುತ್ತಿಯನ್ನೂ ಬೆಂಚಿನ ಮೇಲಿಟ್ಟು ಜೀಪಿನ ಹಿಂದಿನ ಸೀಟಿಗೆ ಹತ್ತುತ್ತಾರೆ. ಗಾಡಿ ಓಡುವಾಗ ಹಿಂದಿನಿಂದ ಎಂಥ ಸದ್ದು ಬರುತ್ತದೆಂದು ಕೇಳಿ ಹೇಳುವುದು ಅವರ ಪಾಲಿನ ಕೆಲಸ.

ಯಾಕೆಂದರೆ ಐವತ್ತೆಂಟು ವರ್ಷದ ಜಟ್ಟಪ್ಪನವರಿಗೆ ಕಿವಿ ಮಂದ. ಶೃಂಗೇರಿ ರಸ್ತೆಯ ಎಸ್ಟೇಟೊಂದರ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿದ ಅವರು ಕೊಪ್ಪಕ್ಕೆ ಬಂದದ್ದು ಲಾರಿ ತೊಳೆಯುವ ಕೆಲಸಕ್ಕೆ. ಗಿಡ್ಡಯ್ಯ ಎಂಬ ಹಿರಿಯ ಮೇಸ್ತ್ರಿ ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದರು. ಅಂದಿನಿಂದ ಕಬ್ಬಿಣದ ಮೇಲೆ ಬಿದ್ದ ಸುತ್ತಿಗೆಯ ಪೆಟ್ಟೆಲ್ಲ ಸ್ವಲ್ಪ ಸ್ವಲ್ಪವಾಗಿ ಕಿವಿಗೂ ಬಿದ್ದಿದೆ. "ಕಿವಿಗೆ ಮಿಷನ್ ಹಾಕ್ಕೊಂಡು ನೋಡ್ದೆ ಮಾರಾಯ್ರೆ. ಸುತ್ತಿಗೆ ಎತ್ತಿದ್ರೆ ತಲೆ ಒಳಗೇ ಹೊಡೆದ ಹಾಗಾಗ್ತದೆ. ತೆಗೆದಿಟ್ಟೆ" ಎನ್ನುತ್ತಾರೆ. ಗಾಡಿಯ ಸದ್ದು ತಿಳಿಯದೆ ಕೆಲಸವನ್ನೇ ಬಿಡಲು ಹೊರಟಿದ್ದಾಗ ಕಮಲಕ್ಕ ಹೇಳಿದರಂತೆ: "ನಂಗೆ ಕೇಳ್ತದಲ್ಲ. ನಾ ಕೂತ್ಕೊಳ್ತೇನೆ."

ಈ ಜೀಪು ಜಯಪುರದಾಚೆಯ ಗುಡ್ಡದ ಮೇಲಿರುವ ನಾರಾಯಣ ಅವರದು. ಅಲ್ಲಿಗೆ ಬಸ್ಸಿಲ್ಲ. ಕಲ್ಲು ಎದ್ದ ಏರಿನಲ್ಲಿ ಬೇರೆ ಗಾಡಿಗಳು ಬರಲು ಹಿಂಜರಿಯುತ್ತವೆ. ಅದೇ ಗುಡ್ಡದ ನೀಲಾಂಬಿಕೆಯವರ ಮೂತ್ರಪಿಂಡ ಕೆಟ್ಟಿದೆ. ರಕ್ತ ಶುದ್ಧಿ ಮಾಡಿಸಿಕೊಳ್ಳಲು ವಾರವಾರವೂ ಕೊಪ್ಪಕ್ಕೆ ಬರಲೇಬೇಕು. ಅವರನ್ನು ಕರೆತರುವುದು ಈ ಜೀಪೇ. ಕಳೆದ ವಾರ ಅದರ ಹಿಂದಿನ ಆ್ಯಕ್ಸಲ್ಲಿನ ಹೊರಕವಚ ಸೀಳಿತು. ಎರಡು ಗಾಲಿಗಳನ್ನೂ ಹೊತ್ತು ತಿರುಗಿಸುವ ಭಾಗವೇ ಹೋದ ಮೇಲೆ ಗಾಡಿ ನಿಂತಲ್ಲೇ ನಿಂತಿತು. ಆ ಕಾಲದ ಜೀಪಿನ ಆ್ಯಕ್ಸಲ್ ಈಗ ಎಲ್ಲೂ ಸಿಗುವುದಿಲ್ಲ.

ನರಸಿಂಹರಾಜಪುರದ ಗುಜರಿಯಲ್ಲಿ ಜಟ್ಟಪ್ಪನವರಿಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ ಬಂದ ಜೀಪಿನ ಆ್ಯಕ್ಸಲ್. ಒಳಗಿನ ಹಲ್ಲುಚಕ್ರಗಳು ಗಟ್ಟಿಯಾಗಿದ್ದವು. ಆದರೆ ಅಗಲ ಹೆಚ್ಚು, ಸ್ಪ್ರಿಂಗ್ ಕೂರುವ ಜಾಗ ಬೇರೆ, ಬ್ರೇಕಿನ ಪೈಪೂ ಬೇರೆ. "ಅಣ್ಣನ ಅಂಗಿ ತಮ್ಮಂಗೆ ಹಾಕಿದ ಹಾಗೆ. ತೋಳು ಮಡಚ್ಬೇಕು, ಗುಂಡಿ ಬದಲಿಸ್ಬೇಕು" ಎಂದು ನಗುತ್ತಾರೆ. ಸ್ಪ್ರಿಂಗ್ ಕೂರುವ ಪೀಠಗಳನ್ನು ಕತ್ತರಿಸಿ ಹೊಸ ಜಾಗದಲ್ಲಿ ವೆಲ್ಡ್ ಮಾಡಿದ್ದಾರೆ. ಎಂಜಿನ್ ಕಡೆಯಿಂದ ಆ್ಯಕ್ಸಲ್ಲಿಗೆ ಬರುವ ಉದ್ದನೆಯ ಶಾಫ್ಟನ್ನು ಕೊಪ್ಪದ ಲೇತ್‌ನಲ್ಲಿ ದೇವರಾಜ ಎಂಬವರು ಅಳತೆಗೆ ಕತ್ತರಿಸಿ ಕೊಟ್ಟಿದ್ದಾರೆ.

ಜೀಪು ಹೊರಡುತ್ತದೆ. ನಾರಾಯಣ ಸ್ಟಿಯರಿಂಗ್ ಹಿಡಿದಿದ್ದಾರೆ, ನಾನೂ ಹಿಂದೆ ಕೂತಿದ್ದೇನೆ. ಸಮ ರಸ್ತೆಯಲ್ಲಿ ಎಲ್ಲ ಸರಿಯಿದೆ. ಏರು ಶುರುವಾದ ಕೂಡಲೇ ಕಮಲಕ್ಕ ಗಂಡನ ಭುಜ ತಟ್ಟುತ್ತಾರೆ.

"ಎಂತ?" ಜಟ್ಟಪ್ಪ ಹಿಂದಕ್ಕೆ ತಿರುಗುತ್ತಾರೆ.

"ಗುಂಯ್ ಅಂತದೆ. ಏರಲ್ಲಿ ಮಾತ್ರ. ಕಾಲಡಿಗೆ ನಡುಕವೂ ಬರ್ತದೆ."

ನನಗೂ ನಾರಾಯಣರಿಗೂ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. "ಅಷ್ಟು ಸದ್ದು ಇರ್ಲಿ ಬಿಡಿ ಜಟ್ಟಪ್ಪಣ್ಣ. ನಾಳೆ ನೀಲಾಂಬಿಕಕ್ಕನ ಆಸ್ಪತ್ರೆ ದಿನ" ಎನ್ನುತ್ತಾರೆ ನಾರಾಯಣ. ಜಟ್ಟಪ್ಪ ಒಪ್ಪುವುದಿಲ್ಲ. "ಅವರನ್ನ ಕೂರಿಸ್ಕೊಂಡು ಏರಲ್ಲಿ ಶಾಫ್ಟ್ ಕಳಚಿ ಬಿದ್ರೆ ಎಂತ ಮಾಡ್ತೀಯ? ಗಾಡಿ ತಿರುಗಿಸು."

ಶೆಡ್ಡಿಗೆ ಮರಳಿ ಜಟ್ಟಪ್ಪ ಮತ್ತೆ ಗಾಡಿಯಡಿಗೆ ನುಗ್ಗುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕಾರಣ ಸಿಗುತ್ತದೆ. ಪೀಠಗಳನ್ನು ವೆಲ್ಡ್ ಮಾಡುವಾಗ ಆ್ಯಕ್ಸಲ್ಲಿಗೆ ಶಾಫ್ಟ್ ಸೇರುವ ಮೂತಿ ಬೇಕಾದ್ದಕ್ಕಿಂತ ಕೆಳಗೆ ಬಾಗಿದೆ. ಏರಿನಲ್ಲಿ ಭಾರ ಬಿದ್ದಾಗ ಶಾಫ್ಟ್ ಓರೆಯಾಗಿ ತಿರುಗುತ್ತಿದೆ. "ತಪ್ಪು ನಂದೇ. ಹಳೇದರ ಓರೆ ನೋಡ್ಕೊಂಡು ಇದಕ್ಕೂ ಹಾಗೇ ಇಟ್ಟೆ" ಎನ್ನುತ್ತಾರೆ. ಹಾಕಿದ ವೆಲ್ಡಿಂಗನ್ನೆಲ್ಲ ಗ್ರೈಂಡರಿನಲ್ಲಿ ತೆಗೆಯಲು ಶುರುಮಾಡುತ್ತಾರೆ. ಕಮಲಕ್ಕ ಅಂದು ತೋಟಕ್ಕೆ ಹೋಗುವುದಿಲ್ಲ. ಬುತ್ತಿ ಬಿಚ್ಚಿ ಮೂವರಿಗೂ ಬಡಿಸುತ್ತಾರೆ. ಕಿಡಿ ಹಾರುವಾಗ ಮುಖ ಆಚೆ ತಿರುಗಿಸಿಕೊಂಡು ಕಬ್ಬಿಣ ಹಿಡಿದು ಕೊಡುತ್ತಾರೆ.

ಇಂಥ ಬದಲಿ ಜೋಡಣೆಯ ಕೆಲಸ ತಿಂಗಳಿಗೆ ಒಂದೋ ಎರಡೋ ಬರುತ್ತದೆ. ಉಳಿದಂತೆ ದಿನಕ್ಕೆ ಮೂರು ನಾಲ್ಕು ಗಾಡಿಗಳ ಬ್ರೇಕು, ಕ್ಲಚ್ಚು. ತೋಟದವರು ಬಿಟ್ಟುಹೋದ ಪಿಕಪ್ಪೊಂದು ಆಗಲೇ ಸರದಿಯಲ್ಲಿ ನಿಂತಿದೆ. ಶೆಡ್ಡಿಗೆ ಹೆಸರಿನ ಬೋರ್ಡಿಲ್ಲ. ಕೇಳಿದರೆ, "ಗೊತ್ತಿದ್ದವ್ರು ಬರ್ತಾರೆ" ಎನ್ನುತ್ತಾರೆ ಕಮಲಕ್ಕ.

ಸಂಜೆ ಬೆಳಕು ಇರುವಾಗಲೇ ಎರಡನೆಯ ಸಲ ಏರು ಹತ್ತುತ್ತೇವೆ. ಕಮಲಕ್ಕ ಕಣ್ಣು ಮುಚ್ಚಿ ಕೂತಿದ್ದಾರೆ. ಜಟ್ಟಪ್ಪ ರಸ್ತೆ ನೋಡುತ್ತಿಲ್ಲ, ಹೆಂಡತಿಯ ಮುಖ ನೋಡುತ್ತಿದ್ದಾರೆ. ಗುಡ್ಡದ ನೆತ್ತಿ ಬಂದಾಗ ಆಕೆ ಕಣ್ಣು ತೆರೆದು ಅಡ್ಡಡ್ಡ ತಲೆಯಾಡಿಸುತ್ತಾರೆ: ಏನೂ ಇಲ್ಲ. ನಾರಾಯಣ ಗಾಡಿ ನಿಲ್ಲಿಸಿ ಇಬ್ಬರಿಗೂ ಕೈಮುಗಿಯುತ್ತಾರೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜೀಪು ಶೆಡ್ಡಿನ ಮುಂದೆ ನಿಲ್ಲುತ್ತದೆ. ನೀಲಾಂಬಿಕೆ ಇಳಿಯಲಾರರು. ಕಿಟಕಿಯಿಂದಲೇ ಕಮಲಕ್ಕನ ಕೈ ಹಿಡಿದು, "ನಿನ್ನೆ ಕೂಲಿ ಕಳ್ಕೊಂಡ್ಯಂತೆ, ನಾರಾಯಣ ಹೇಳ್ದ. ನಾ ಎಂತ ಕೊಡ್ಲಿ ತಂಗಿ ನಿಂಗೆ" ಎನ್ನುತ್ತಾರೆ.

"ಎಂತದೂ ಬೇಡ ಅಕ್ಕ. ಹುಷಾರಾಗಿ ಹೋಗ್ಬನ್ನಿ."

ಜೀಪು ಕೊಪ್ಪದತ್ತ ಸಾಗಿದ ಮೇಲೆ, ಮುಂದೆ ಏನಾದರೂ ಆಸೆಯಿದೆಯೇ ಎಂದು ಜಟ್ಟಪ್ಪನವರನ್ನು ಕೇಳುತ್ತೇನೆ. ಕಮಲಕ್ಕ ಅದನ್ನೇ ಅವರ ಕಿವಿಯ ಹತ್ತಿರ ಹೇಳುತ್ತಾರೆ.

"ರಿಪೇರಿ ಮಾಡಿದ ಗಾಡಿ ಇಲ್ಲಿಗೆ ವಾಪಸ್ ಬರ್ಬಾರ್ದು. ಶೆಡ್ಡಿನ ಮುಂದೆ ಹೋಗುವಾಗ ಒಂದು ಹಾರನ್ ಹಾಕಿದ್ರೆ ಸಾಕು. ನಂಗೆ ಕೇಳೂದಿಲ್ಲ. ಇವಳು ಹೇಳ್ತಾಳೆ."